ಈ ಹಾಲು ಎಲ್ಲಿಂದ ಬಂತು?

ಇವತ್ತು ನಿಮಗೆ ಆದ ಮೂರು ಒಳ್ಳೆಯದನ್ನು ಬರೆಯಿರಿ ಎಂದರೆ ದಿನದ ಒಳಿತನ್ನು ನೆನೆಯುವುದನ್ನು ಕಲಿಯಲು ಬಂದ ಹೊಸಬರಲ್ಲಿ ಹೆಚ್ಚಿನವರು ಪೆನ್ನು ಹಿಡಿದು ಸುಮ್ಮನೆ ಕೂತುಬಿಡುತ್ತಾರೆ. "ಬರೆಯೋವಂಥದ್ದು ಏನೂ ಆಗ್ಲಿಲ್ಲ ಮೇಷ್ಟ್ರೇ" ಎನ್ನುತ್ತಾರೆ. ಹೋಗಲಿ, ತೊಂದರೆ ಆದದ್ದನ್ನೇ ಬರೆಯಿರಿ ಎಂದರೆ ಹಾಳೆ ಸಾಲುವುದಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತುಬಿಟ್ಟಿದ್ದು, ನೀರಿನ ಟ್ಯಾಂಕರ್ ಹೇಳಿದ ಹೊತ್ತಿಗೆ ಬರದೇ ಹೋದದ್ದು, ಚಿಲ್ಲರೆಗಾಗಿ ಅಂಗಡಿಯಲ್ಲಿ ಮಾತಿಗೆ ಮಾತು ಬೆಳೆದದ್ದು, ಎಲ್ಲವೂ ಗಂಟೆ ನಿಮಿಷದ ಸಮೇತ ನೆನಪಿರುತ್ತದೆ.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಮನುಷ್ಯನ ಮನಸ್ಸು ಇರುವುದೇ ಹಾಗೆ. ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು 2001ರಲ್ಲಿ, ಅದುವರೆಗೆ ನಡೆದಿದ್ದ ಹತ್ತಾರು ಬಗೆಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಳ್ಳೆಯ ಮಾತಿಗಿಂತ ಕೆಟ್ಟ ಮಾತು, ಬಂದ ಲಾಭಕ್ಕಿಂತ ಹೋದ ನಷ್ಟ ಮನಸ್ಸಿನಲ್ಲಿ ಹೆಚ್ಚು ಆಳಕ್ಕೆ ಇಳಿಯುತ್ತದೆ ಎಂಬುದು ಅವರು ಮುಟ್ಟಿದ ತೀರ್ಮಾನ. ಹಾವು ಕಂಡದ್ದನ್ನು ಮರೆತವನು ಬದುಕಿ ಉಳಿಯುತ್ತಿರಲಿಲ್ಲ, ಹೂವು ಕಂಡದ್ದನ್ನು ಮರೆತರೆ ಅಂಥ ನಷ್ಟವಿರಲಿಲ್ಲ. ಇದರ ಜೊತೆಗೆ ಇನ್ನೊಂದು ಗುಣ ಸೇರಿಕೊಳ್ಳುತ್ತದೆ, ಒಗ್ಗಿಹೋಗುವುದು. ಬ್ರಿಕ್‌ಮನ್ ಮತ್ತು ಕ್ಯಾಂಪ್‌ಬೆಲ್ ಎಂಬ ಮನೋವಿಜ್ಞಾನಿಗಳು 1971ರಲ್ಲಿಯೇ ಇದನ್ನು ವಿವರಿಸಿದರು. ಹೊಸ ಮನೆ, ಹೊಸ ಕೆಲಸ, ಹೊಸ ರಸ್ತೆ ಯಾವುದೇ ಬರಲಿ, ಕೆಲವು ದಿನ ಖುಷಿ. ಆಮೇಲೆ ಅದು ಮಾಮೂಲು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆ ಹೇಗೆ ಬದಲಾಯಿತು ಎಂಬುದನ್ನು ನಮ್ಮೂರು ಹುಣಸಮಾರನಹಳ್ಳಿಯ ಹಿರಿಯರು ಇವತ್ತಿಗೂ ಬೆರಗಿನಿಂದ ಹೇಳುತ್ತಾರೆ. ಆಮೇಲೆ ಹುಟ್ಟಿದ ಮಕ್ಕಳಿಗೆ ಆ ರಸ್ತೆ ಎಂದರೆ ದಾಟಲು ಕಷ್ಟವಾದ ಜಾಗ, ಅಷ್ಟೇ.

ಹಾಗಾಗಿ ದಿನದ ಒಳಿತನ್ನು ನೆನೆಯುವುದು ತಾನಾಗಿ ಬರುವ ಗುಣವಲ್ಲ, ಕಲಿಯಬೇಕಾದದ್ದು. ಲೆಕ್ಕ ಕಲಿತವರಿಗೆ ಇದೂ ಬರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಸಂತೃಪ್ತ ಸ್ವಭಾವ ಇರುತ್ತದೆ ನಿಜ, ನಮಗೆ ಇಲ್ಲದಿದ್ದರೆ ಅದಕ್ಕಾಗಿ ಕೊರಗಬೇಕಾಗಿಲ್ಲ. ಇಲ್ಲಿ ಬೇಕಾಗಿರುವುದು ಸ್ವಭಾವಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ: ಇದು ನನ್ನ ಕೈಗೆ ಎಲ್ಲಿಂದ ಬಂತು, ಯಾರ್ಯಾರ ಕೈ ದಾಟಿ ಬಂತು? ನಾನು ಹೊಸಬರಿಗೆ ಮೊದಲು ಕಲಿಸುವುದು ಇದನ್ನೇ. "ನಾನು ಅದೃಷ್ಟವಂತ", "ದೇವರು ದೊಡ್ಡವನು" ಎಂಬ ದೊಡ್ಡ ಮಾತುಗಳನ್ನು ಸದ್ಯಕ್ಕೆ ಬದಿಗಿಡಿ. ಒಂದು ಸಣ್ಣ ವಸ್ತುವನ್ನು ಹಿಡಿದುಕೊಂಡು ಅದರ ಹಿಂದೆ ಹೋಗಿ.

ಎಲ್ಲರ ಮನೆಯಲ್ಲೂ ಇರುವ ವಸ್ತುವನ್ನೇ ತೆಗೆದುಕೊಳ್ಳೋಣ, ಅರ್ಧ ಲೀಟರಿನ ನಂದಿನಿ ಹಾಲಿನ ಪ್ಯಾಕೆಟ್, ನೀಲಿ ಬಣ್ಣದ್ದು. ಬೆಳಗಾಗುವ ಮೊದಲೇ ಗೇಟಿಗೆ ಸಿಕ್ಕಿಸಿದ ಚೀಲದಲ್ಲಿ ಅದು ಬಂದು ಕೂತಿರುತ್ತದೆ. ತಂದಿಟ್ಟ ಹುಡುಗನನ್ನು ನಮ್ಮಲ್ಲಿ ಹಲವರು ನೋಡಿಯೇ ಇರುವುದಿಲ್ಲ, ತಿಂಗಳ ಕೊನೆಯಲ್ಲಿ ದುಡ್ಡಿಗೆ ಬಂದಾಗ ಮಾತ್ರ ಮುಖ ಕಾಣುವುದು. ಅವನು ಕ್ರೇಟು ಎತ್ತಿಕೊಂಡದ್ದು ಹಾಲಿನ ಬೂತಿನಿಂದ. ಬೂತಿಗೆ ರಾತ್ರಿಯ ಕತ್ತಲಲ್ಲೇ ವ್ಯಾನು ತಂದು ಇಳಿಸಿ ಹೋಗಿರುತ್ತದೆ. ವ್ಯಾನಿನ ಹಿಂದೆ ಡೇರಿ ಇದೆ. ಯಲಹಂಕ ಉಪನಗರದ ಮದರ್ ಡೇರಿಯನ್ನು ಈ ಕಡೆಯವರೆಲ್ಲ ಬಲ್ಲಿರಿ. ಇಂಥ ಡೇರಿಗಳಲ್ಲಿ ಹಾಲನ್ನು 72 ಡಿಗ್ರಿಗೆ ಕಾಯಿಸಿ, 15 ಸೆಕೆಂಡು ಹಿಡಿದು, ಕೂಡಲೇ ತಣ್ಣಗೆ ಮಾಡುತ್ತಾರೆ. ಕೊಬ್ಬಿನ ಅಂಶವನ್ನು ಶೇಕಡಾ 3ಕ್ಕೆ ಸರಿದೂಗಿಸಿ ನೀಲಿ ಪ್ಯಾಕೆಟ್ಟಿಗೆ ತುಂಬುತ್ತಾರೆ. ಯಂತ್ರದ ಬಳಿ ರಾತ್ರಿ ಪಾಳಿಯಲ್ಲಿ ನಿಂತವರು ನಾವು ಮಲಗಿದ್ದಾಗ ಎಚ್ಚರವಿದ್ದವರು.

ಇನ್ನೂ ಹಿಂದೆ ಹೋಗಿ. ಡೇರಿಗೆ ಹಾಲು ಬಂದದ್ದು ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳಿಂದ. ಜಾಲ ಹೋಬಳಿ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಯಾವುದಾದರೂ ಹಳ್ಳಿಗೆ ಬೆಳಗಿನ ಆರೂವರೆಗೆ ಹೋಗಿ ನಿಲ್ಲಿ. ಸ್ಟೀಲಿನ ಕ್ಯಾನು ಹಿಡಿದು ಜನ ಸಾಲಾಗಿ ಬರುತ್ತಿರುತ್ತಾರೆ, ಅವರಲ್ಲಿ ಹೆಂಗಸರೇ ಹೆಚ್ಚು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬಾಕೆ ಕ್ಯಾನಿನ ಮುಚ್ಚಳ ತೆಗೆಯುತ್ತಾಳೆ, ಹಾಲಿನಿಂದ ಇನ್ನೂ ಸಣ್ಣಗೆ ಹಬೆ ಏಳುತ್ತಿರುತ್ತದೆ. ಸಂಘದವರು ಒಂದಿಷ್ಟು ಮಾದರಿ ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ತೆರೆಯ ಮೇಲೆ ಅಂಕಿ ಬರುವವರೆಗೆ ಆಕೆ ಅದನ್ನೇ ನೋಡುತ್ತಿರುತ್ತಾಳೆ. ಫ್ಯಾಟ್ ಒಂದು ಚೂರು ಇಳಿದರೂ ಬಟವಾಡೆಯಲ್ಲಿ ದುಡ್ಡು ಇಳಿಯುತ್ತದೆ. ಚೀಟಿ ಕೈಗೆ ಬಂದ ಮೇಲೆ ಖಾಲಿ ಕ್ಯಾನು ತೊಳೆದುಕೊಂಡು ಮನೆಯ ದಾರಿ ಹಿಡಿಯುತ್ತಾಳೆ. ಮಕ್ಕಳನ್ನು ಶಾಲೆಗೆ ಹೊರಡಿಸುವುದು ಇನ್ನೂ ಬಾಕಿ ಇರುತ್ತದೆ.

ಆಕೆ ಎದ್ದದ್ದು ಐದಕ್ಕೂ ಮೊದಲು. ಕೊಟ್ಟಿಗೆ ಗುಡಿಸಿ, ಸಗಣಿ ಬಾಚಿ, ಕೆಚ್ಚಲು ತೊಳೆದು, ಹಿಂಡಿ ಬೂಸ ಕಲಸಿಟ್ಟು ಹಾಲು ಕರೆದಿದ್ದಾಳೆ. ಸಂಜೆ ಮತ್ತೆ ಇದೇ ಕೆಲಸ. ಸೀಮೆಹಸುವಿಗೆ ಹಬ್ಬವಿಲ್ಲ, ಭಾನುವಾರವಿಲ್ಲ. ಮನೆಯಲ್ಲಿ ಮದುವೆಯಾಗಲಿ ಸಾವಾಗಲಿ, ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಕೆಚ್ಚಲು ಬಾವು ಬರುತ್ತದೆ. ಆ ಹಸು ಕರು ಹಾಕುವ ಮುಂಚೆ ಒಂಬತ್ತು ತಿಂಗಳಿಗೂ ಮೇಲೆ ಗರ್ಭ ಹೊತ್ತಿದೆ. ಅದರ ಮೇವಿಗೆ ಸೀಮೆಹುಲ್ಲು ಬೆಳೆದವರಿದ್ದಾರೆ, ರಾಗಿ ಹುಲ್ಲನ್ನು ಮೆದೆ ಒಟ್ಟಿದವರಿದ್ದಾರೆ, ನಡುರಾತ್ರಿ ಕರೆದರೆ ಬರುವ ಪಶುವೈದ್ಯರಿದ್ದಾರೆ. ಈ ಎಲ್ಲರನ್ನೂ ಒಂದು ಕಡೆ ಕಟ್ಟಿ ನಿಲ್ಲಿಸಿದ ವ್ಯವಸ್ಥೆಯೂ ಆಕಾಶದಿಂದ ಇಳಿದದ್ದಲ್ಲ. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಡೇರಿ ಅಭಿವೃದ್ಧಿ ಯೋಜನೆಯಿಂದ ಶುರುವಾಗಿ, ಊರೂರಿನಲ್ಲಿ ಸಂಘ ಕಟ್ಟಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ಎಂಬ ಹೆಸರು ಪಡೆದದ್ದು ಅದು. 2024ರಲ್ಲಿ ಮಹಾಮಂಡಳಿಯ ದಿನದ ಹಾಲು ಸಂಗ್ರಹಣೆ ಮೊದಲ ಸಲ ಒಂದು ಕೋಟಿ ಲೀಟರ್ ದಾಟಿತು. ಆ ಕೋಟಿಯಲ್ಲಿ ನಮ್ಮ ಪಾಲಿನದು ಅರ್ಧ ಲೀಟರ್.

ಇಷ್ಟನ್ನು ತಿಳಿದುಕೊಂಡು ಮಾರನೆಯ ದಿನ ಕಾಫಿ ಕುಡಿದು ನೋಡಿ. ನಾಲಿಗೆಗೆ ಏನೂ ವ್ಯತ್ಯಾಸ ಆಗುವುದಿಲ್ಲ. ಆದರೆ ಹಾಲು ಒಡೆದ ದಿನ "ಥೂ, ಇವರ ಹಾಲು" ಎಂಬ ಮಾತು ಬಾಯಿಗೆ ಬರುವ ಮೊದಲು ಒಂದು ಕ್ಷಣ ತಡೆಯುತ್ತದೆ. ಹೊಸಬರಲ್ಲಿ ನಾನು ಮೊದಲು ಗಮನಿಸುವ ಬದಲಾವಣೆ ಇದೇ. ದೊಡ್ಡ ಆನಂದ ಉಕ್ಕಿ ಬರುವುದಿಲ್ಲ, ಅದಕ್ಕಾಗಿ ಕಾಯಲೂ ಬೇಡಿ.

ಹೀಗೆ ಹಿಂದೆ ಹೋಗಿ ನೋಡುವುದನ್ನು ಹೊರಗಿನಿಂದ ತಂದ ಹೊಸ ವಿದ್ಯೆ ಎಂದುಕೊಳ್ಳಬೇಡಿ. ವಿಮಾನ ನಿಲ್ದಾಣ ಬರುವ ಮುಂಚೆ ಈ ಸೀಮೆಯೆಲ್ಲ ರಾಗಿ ಹೊಲ, ದ್ರಾಕ್ಷಿ ತೋಟ. ರಾಗಿ ಕುಯ್ದು ಮೆದೆ ಹಾಕಿ, ಆಮೇಲೆ ಸಗಣಿ ಸಾರಿಸಿದ ಕಣದಲ್ಲಿ ಹರಡಿ, ಗುಂಡು ಹೊಡೆಸಿ, ತೂರಿ, ರಾಶಿ ಮಾಡುತ್ತಿದ್ದರು. ರಾಶಿಯ ಮೇಲೆ ಸಗಣಿಯ ಬೆನಕನನ್ನು ಇಟ್ಟು, ಗರಿಕೆ ಸಿಕ್ಕಿಸಿ ಪೂಜೆ. ಪೂಜೆಯಾದ ಮೇಲೆ ಅಳೆಯುವುದು. ಮೊದಲ ಅಳತೆಗೆ "ಒಂದು" ಎನ್ನುತ್ತಿರಲಿಲ್ಲ, "ಲಾಭ" ಎನ್ನುತ್ತಿದ್ದರು. ಆಮೇಲೆ ಎರಡು, ಮೂರು. ರಾಶಿ ಪೂರ್ತಿ ಮನೆಗೆ ಹೋಗುವ ಮುಂಚೆಯೇ ಆಯಗಾರರಿಗೆ ಆಯ ಅಳೆಯಬೇಕಿತ್ತು. ನೇಗಿಲು ಮಾಡಿಕೊಟ್ಟ ಬಡಗಿಗೆ, ಕುಳ ತಟ್ಟಿಕೊಟ್ಟ ಕಮ್ಮಾರನಿಗೆ, ಬಟ್ಟೆ ಒಗೆದ ಅಗಸರಿಗೆ, ಕ್ಷೌರಿಕರಿಗೆ, ಊರು ಕಾದ ತಳವಾರನಿಗೆ, ಕೆರೆಯ ತೂಬು ತೆಗೆದು ಗದ್ದೆಗೆ ನೀರು ಹಾಯಿಸಿದ ನೀರುಗಂಟಿಗೆ ಪಾಲು ಸಲ್ಲುತ್ತಿತ್ತು. ಈ ರಾಶಿ ಯಾರ್ಯಾರ ಕೈಯಿಂದ ಆಯಿತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಕಣದಲ್ಲಿ ನಿಂತು, ಎಲ್ಲರ ಎದುರು, ಧಾನ್ಯ ಅಳೆದು ಹೇಳುವ ಪದ್ಧತಿ ಅದು. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಭೂಮಿತಾಯಿಗೂ ಪಾಲು ಸಲ್ಲುತ್ತದೆ. ಆಯುಧಪೂಜೆಯ ದಿನ ನಮ್ಮ ಆಟೋದವರು, ಗ್ಯಾರೇಜಿನವರು ಸ್ಪ್ಯಾನರಿಗೂ ಕುಂಕುಮ ಇಡುವುದು ಅದೇ ಮನಸ್ಸಿನಿಂದ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಆಯದ ಪದ್ಧತಿಯಲ್ಲಿ ನೆನೆಯುವ ಗುಣ ಎಷ್ಟಿತ್ತೋ ಜಾತಿಯ ಕಟ್ಟೂ ಅಷ್ಟೇ ಇತ್ತು. ಕೊಡುವವರು ರಾಶಿಯ ಪಕ್ಕ ನಿಂತರೆ ಪಡೆಯುವವರಲ್ಲಿ ಕೆಲವರು ಕಣದ ಅಂಚಿನಲ್ಲಿ ಕೈಯೊಡ್ಡಿ ನಿಲ್ಲಬೇಕಿತ್ತು. ಕೆಲಸ ಮಾಡಿದ್ದು ಅವರು, ಆದರೂ ಉಪಕಾರ ಪಡೆದವರಂತೆ ತಲೆ ಬಗ್ಗಿಸಿದವರೂ ಅವರೇ. ತಳವಾರಿಕೆ, ತೋಟಿಕೆ, ನೀರುಗಂಟಿಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು, ಅದು ಆಗಬೇಕಾದದ್ದೇ. ಆದ್ದರಿಂದ ಹೊಸದಾಗಿ ಕಲಿಯುವವರು ಇಷ್ಟನ್ನು ನೆನಪಿಡಿ. ನೆನೆಯಬೇಕಾದವನು ಮೊದಲು ಪಡೆದುಕೊಂಡವನು. ಕೆಲಸದವಳು ನನಗೆ ಋಣಿಯಾಗಿರಬೇಕು, ಮಕ್ಕಳು ನನಗೆ ಋಣಿಗಳಾಗಿರಬೇಕು ಎಂದು ಲೆಕ್ಕ ಹಾಕಲು ಕೂತರೆ ಈ ಅಭ್ಯಾಸವೇ ಕೆಟ್ಟುಹೋಗುತ್ತದೆ. ಮನೆಗೆಲಸಕ್ಕೆ ಬರುವಾಕೆಯ ಋಣದಲ್ಲಿ ನಾನು ಎಷ್ಟಿದ್ದೇನೆ ಎಂಬುದು ನನ್ನ ಪುಸ್ತಕದ ಲೆಕ್ಕ. ಆಕೆಯ ಪುಸ್ತಕದಲ್ಲಿ ಏನು ಬರೆದಿರಬೇಕು ಎಂದು ಹೇಳುವ ಹಕ್ಕು ನನಗಿಲ್ಲ.

ನೀರುಗಂಟಿ ಎಂಬ ಹೆಸರು ಮಾತ್ರ ಉಳಿದುಕೊಂಡಿದೆ. ಇವತ್ತಿಗೂ ನಮ್ಮ ಪಂಚಾಯಿತಿಗಳಲ್ಲಿ ಮೋಟರು ಹಾಕಿ, ವಾಲ್ವು ತಿರುಗಿಸಿ, ಈ ಬೀದಿಗೆ ಇವತ್ತು ಆ ಬೀದಿಗೆ ನಾಳೆ ಎಂದು ನೀರು ಬಿಡುವವರನ್ನು ನೀರುಗಂಟಿ ಎಂದೇ ಕರೆಯುತ್ತಾರೆ. ಅವರಿಂದಲೇ ಎರಡನೆಯ ಪಾಠಕ್ಕೆ ಹೋಗೋಣ.

ಇದ್ದುದನ್ನು ಇಲ್ಲ ಎಂದುಕೊಂಡು ನೋಡುವುದು ಎರಡನೆಯ ಪಾಠ. 2008ರಲ್ಲಿ ಮಿಂಕ್ಯುಂಗ್ ಕೂ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಸಂಗಾತಿ ಇದ್ದವರಲ್ಲಿ ಕೆಲವರಿಗೆ, ನೀವಿಬ್ಬರು ಹೇಗೆ ಭೇಟಿಯಾದಿರಿ ಬರೆಯಿರಿ ಎಂದರು. ಇನ್ನು ಕೆಲವರಿಗೆ, ನೀವಿಬ್ಬರು ಭೇಟಿಯಾಗದೇ ಹೋಗುವ ಸಾಧ್ಯತೆ ಹೇಗೆಲ್ಲ ಇತ್ತು ಬರೆಯಿರಿ ಎಂದರು. ಎರಡನೆಯ ಗುಂಪಿನವರಿಗೇ ತಮ್ಮ ಸಂಬಂಧದ ಬಗ್ಗೆ ಹೆಚ್ಚು ಸಮಾಧಾನವೆನಿಸಿತು. ಇರುವುದನ್ನೇ ಹೊಗಳುತ್ತಾ ಕೂತರೆ ಅದು ಮಾಮೂಲಾಗಿಯೇ ಉಳಿಯುತ್ತದೆ. ಇಲ್ಲದೇ ಹೋಗಬಹುದಿತ್ತು ಎಂದುಕೊಂಡಾಗ ಮತ್ತೆ ಹೊಸದಾಗಿ ಕಾಣುತ್ತದೆ.

ಹುಣಸಮಾರನಹಳ್ಳಿಯಲ್ಲಿ ಇದನ್ನು ಅಭ್ಯಾಸ ಮಾಡಲು ನೀರಿಗಿಂತ ಒಳ್ಳೆಯ ವಸ್ತು ಇಲ್ಲ. ನಮ್ಮ ಊರಿಗೆ ನದಿಯಿಲ್ಲ. ಉತ್ತರಕ್ಕೆ ಕಾಣುವ ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ, ಹೆಸರಘಟ್ಟದ ಕಡೆಗೆ ಇಳಿದುಹೋಗುತ್ತದೆ. ಈ ದಿಣ್ಣೆ ನೆಲದಲ್ಲಿ ಜನ ನಿಂತದ್ದು ಕೆರೆ ಕಟ್ಟಿದ್ದರಿಂದ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಹೀಗೆ ಸರಪಳಿ. ಕಟ್ಟಿದವರ ಹೆಸರು ನಮಗೆ ಗೊತ್ತಿಲ್ಲ, ಏರಿಯ ಮೇಲೆ ಮಣ್ಣು ಹೊತ್ತು ಹಾಕಿದವರ ಹೆಸರಂತೂ ಯಾವ ಕಲ್ಲಿನಲ್ಲೂ ಇಲ್ಲ. ಈಗ ನಾವು ಕುಡಿಯುವುದು ಹೆಚ್ಚಾಗಿ ಕೊಳವೆಬಾವಿಯ ನೀರು. ಆ ಬಾವಿಗಳಿಗೆ ಒರತೆ ಕೊಟ್ಟದ್ದರಲ್ಲಿ ಈ ಹಳೆಯ ಕೆರೆಗಳ ಪಾಲು ದೊಡ್ಡದು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಬಿಂದಿಗೆ ಸಾಲಿಟ್ಟು ಕಾದದ್ದು ಯಾರಿಗೂ ಮರೆತಿಲ್ಲ. ಮರೆತಿಲ್ಲ ನಿಜ, ಆದರೆ ಮಳೆ ಬಂದು ನಲ್ಲಿಯಲ್ಲಿ ನೀರು ಬಂದ ಮರುದಿನದಿಂದಲೇ ಬಕೆಟ್ಟು ತುಂಬಿ ಹರಿಯತೊಡಗಿತು.

ಹಾಗಾಗಿ ಹೀಗೆ ಮಾಡಿ. ಬೆಳಿಗ್ಗೆ ನಲ್ಲಿ ತಿರುಗಿಸುವ ಮುಂಚೆ ಒಂದು ಸಲ, ಇವತ್ತು ನೀರು ಬಂದಿಲ್ಲ ಎಂದುಕೊಳ್ಳಿ. ಹಲ್ಲುಜ್ಜುವುದು, ಸ್ನಾನ, ಅನ್ನಕ್ಕಿಡುವುದು, ಮಗುವಿನ ಬಟ್ಟೆ, ಅತ್ತೆಯ ಮಾತ್ರೆಗೆ ಲೋಟ ನೀರು, ಒಂದೊಂದನ್ನೂ ನೀರಿಲ್ಲದೆ ಹೇಗೆ ದಾಟುತ್ತೀರಿ ಯೋಚಿಸಿ. ಆಮೇಲೆ ನಲ್ಲಿ ತಿರುಗಿಸಿ. ವಿಚಾರ ಇಷ್ಟೇ, ಅರ್ಧ ನಿಮಿಷದ ಕೆಲಸ. ಪ್ರತಿದಿನ ಮಾಡಬೇಕಾಗಿಲ್ಲ, ಮಾಮೂಲಾಯಿತು ಅನಿಸಿದಾಗ ಮಾಡಿ.

ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು ಕೈ ಎತ್ತಿ ಕೇಳಿಯೇ ಕೇಳುತ್ತಾರೆ. "ಹಂಗಾದ್ರೆ ಇರೋದ್ರಲ್ಲೇ ತೃಪ್ತಿಪಟ್ಕೊಂಡು ಸುಮ್ನಿರ್ಬೇಕಾ? ಕೆರೆ ಹಾಳಾದ್ರೂ ಕೇಳ್ಬಾರ್ದಾ?" ಬಹಳ ಒಳ್ಳೆಯ ಪ್ರಶ್ನೆ. ಉತ್ತರ, ಕೇಳಲೇಬೇಕು. ವಾಲ್ವು ತಿರುಗಿಸಿದ ನೀರುಗಂಟಿಗೆ ಋಣಿಯಾಗಿರುವುದು ಒಂದು. ಕೆರೆಗೆ ಕೊಳಚೆ ಹರಿದರೆ ಪುರಸಭೆಗೆ ಅರ್ಜಿ ಕೊಡುವುದು ಇನ್ನೊಂದು. ಇವೆರಡೂ ಒಬ್ಬನೇ ಮನುಷ್ಯ ಮಾಡಬೇಕಾದ ಕೆಲಸ. ಕೆರೆಯಿಂದ ನಮಗೆ ಏನೇನು ಬಂತು ಎಂದು ಬಲ್ಲವರಿಗೇ ಅದು ಹಾಳಾದಾಗ ಹೊಟ್ಟೆ ಉರಿಯುವುದು. ಆ ನೀರುಗಂಟಿಗೆ ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸುವುದೂ ಈ ಪಾಠದ ಒಳಗೇ ಬರುತ್ತದೆ. ಬಾಯಲ್ಲಿ ಉಪಕಾರ ಎಂದು, ಕೂಲಿಯಲ್ಲಿ ಹಿಡಿದುಕೊಂಡರೆ ಅದಕ್ಕೆ ಬೆಲೆಯಿಲ್ಲ.

ಇನ್ನೂ ಎರಡು ಎಚ್ಚರಿಕೆಗಳಿವೆ. ನಿಮಗಿಂತ ಕಷ್ಟದಲ್ಲಿರುವವರನ್ನು ತೋರಿಸಿ, ಅವರಂತಿಲ್ಲವಲ್ಲ ನಾವು ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಮಕ್ಕಳಿಗಂತೂ ಹಾಗೆ ಖಂಡಿತ ಹೇಳಿಕೊಡಬೇಡಿ. ಮತ್ತೊಬ್ಬರ ಸಂಕಟ ನಮ್ಮ ನೆಮ್ಮದಿಗೆ ಮೆಟ್ಟಿಲಾಗಬಾರದು. ಹಾಗೆಯೇ ದುಃಖದಲ್ಲಿರುವವರ ಕೈಗೆ ಪುಸ್ತಕ ಕೊಟ್ಟು ಒಳ್ಳೆಯದನ್ನು ಬರೆ ಎನ್ನಬೇಡಿ. ಮನೆಯಲ್ಲಿ ಸಾವಾದವರಿಗೆ, ಕೆಲಸ ಕಳೆದುಕೊಂಡವರಿಗೆ, ಖಿನ್ನತೆಯಲ್ಲಿ ನರಳುವವರಿಗೆ ಮೊದಲು ಬೇಕಾದದ್ದು ಜೊತೆಗೆ ಕೂರುವ ಒಬ್ಬ ಮನುಷ್ಯ, ಅಗತ್ಯವಿದ್ದರೆ ವೈದ್ಯರು. ಈ ಅಭ್ಯಾಸದಿಂದ ಖಿನ್ನತೆ, ಆತಂಕದ ಮೇಲೆ ಆಗುವ ಪರಿಣಾಮ ಸಣ್ಣದು ಎಂದು, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ಒಂದು ವಿಶ್ಲೇಷಣೆ ಸ್ಪಷ್ಟವಾಗಿ ಹೇಳಿದೆ. ಇದು ಔಷಧಿಯಲ್ಲ. ಆರೋಗ್ಯವಾಗಿರುವ ಮನಸ್ಸಿಗೆ ದಿನದ ಒಂದು ಒಳ್ಳೆಯ ರೂಢಿ.

ಈಗ ಒಳಿತನ್ನು ಬರೆದಿಡುವ ಪುಸ್ತಕದ ವಿಷಯಕ್ಕೆ ಬರೋಣ. ಬರೆಯುವ ಈ ಪದ್ಧತಿಯನ್ನು ಮೊದಲು ಕ್ರಮವಾಗಿ ಪರೀಕ್ಷಿಸಿದವರಲ್ಲಿ ಅಮೆರಿಕದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೋ ಮುಖ್ಯರು. 2003ರಲ್ಲಿ ಅವರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿಗಳು ವಾರಕ್ಕೊಮ್ಮೆ ತಮಗೆ ಒದಗಿದ ಒಳಿತನ್ನು ಪಟ್ಟಿ ಮಾಡಿದರು, ಕೆಲವರು ಕಿರಿಕಿರಿಗಳನ್ನು, ಇನ್ನು ಕೆಲವರು ನಡೆದ ಸಂಗತಿಗಳನ್ನು ಸುಮ್ಮನೆ. ಒಳಿತನ್ನು ಬರೆದವರಿಗೆ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು, ಮೈಕೈ ನೋವಿನ ದೂರು ಕಡಿಮೆಯಿತ್ತು, ವ್ಯಾಯಾಮವನ್ನೂ ಅವರೇ ಹೆಚ್ಚು ಮಾಡಿದ್ದರು. 2005ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಜೊತೆಗಾರರು ಒಂದು ವಾರ, ಪ್ರತಿ ರಾತ್ರಿ ಮೂರು ಒಳ್ಳೆಯ ಸಂಗತಿ ಬರೆಸಿದರು. ಅದರ ಜೊತೆಗೆ, ಅದು ಯಾಕೆ ಆಯಿತು ಎಂಬುದನ್ನೂ ಬರೆಸಿದರು. ವಾರ ಮುಗಿದ ಮೇಲೂ ಬರೆಯುವುದನ್ನು ಬಿಡದವರಲ್ಲಿ ಪರಿಣಾಮ ಚೆನ್ನಾಗಿ ಉಳಿದಿತ್ತು, ಆರು ತಿಂಗಳ ನಂತರವೂ ಕಾಣುತ್ತಿತ್ತು.

ಆ "ಯಾಕೆ ಆಯಿತು" ಎಂಬುದರಲ್ಲೇ ಇಡೀ ಪಾಠವಿದೆ. ಹೊಸಬರು ಮೊದಲ ದಿನ ಬರೆಯುವುದು ಸಾಮಾನ್ಯವಾಗಿ ಹೀಗಿರುತ್ತದೆ: "ಒಳ್ಳೆಯ ಕುಟುಂಬ ಇದೆ. ಆರೋಗ್ಯ ಇದೆ. ಕೆಲಸ ಇದೆ." ಮೂರು ಸಾಲು ಮುಗಿಯಿತು. ನಾಳೆಯೂ ಇದನ್ನೇ ಬರೆಯಬಹುದು, ಹತ್ತು ವರ್ಷದ ನಂತರವೂ ಇದನ್ನೇ ಬರೆಯಬಹುದು. ಇದರಲ್ಲಿ ಇವತ್ತು ಎಂಬುದು ಎಲ್ಲಿಯೂ ಇಲ್ಲ. ಅದೇ ಮನುಷ್ಯ ಸ್ವಲ್ಪ ಅಭ್ಯಾಸವಾದ ಮೇಲೆ ಬರೆಯುವುದು ಹೀಗೆ: "ಸಂಜೆ ಬಸ್ಸಿಗೆ ಓಡಿ ಬರ್ತಿದ್ದೆ. ಕಂಡಕ್ಟರ್ ಕನ್ನಡಿಯಲ್ಲಿ ನೋಡಿ ವಿಸಿಲ್ ಹೊಡೆದು ನಿಲ್ಲಿಸಿದರು. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಬೇಗ ಬಂದೆ ಅಂತ ಮಗಳ ಜೊತೆ ಕೂತು ಊಟ ಮಾಡೋಕೆ ಆಯ್ತು." ಇಲ್ಲಿ ಒಬ್ಬ ಮನುಷ್ಯ ಇದ್ದಾನೆ, ಅವನು ಮಾಡಿದ ಕೆಲಸ ಇದೆ, ಮಾಡದೇ ಇರಬಹುದಾಗಿತ್ತು ಎಂಬುದು ಇದೆ, ಅದರಿಂದ ನನಗೆ ಏನಾಯಿತು ಎಂಬುದೂ ಇದೆ. ಈ ನಾಲ್ಕು ಸಿಕ್ಕಿದರೆ ಒಂದೇ ಸಂಗತಿ ಸಾಕು, ಮೂರು ಬೇಕಾಗಿಲ್ಲ.

ಬರೆಯಲು ದುಬಾರಿ ಡೈರಿ ಬೇಡ, ಮಕ್ಕಳ ಹಳೆಯ ನೋಟುಪುಸ್ತಕದಲ್ಲಿ ಉಳಿದ ಹಾಳೆ ಸಾಕು. ಬರವಣಿಗೆ ಬಾರದವರು ಮಲಗುವ ಮುಂಚೆ ಮನೆಯವರ ಹತ್ತಿರ ಹೇಳಲಿ. ದಿನವೂ ಬರೆಯಲೇಬೇಕು ಎಂಬ ಹಟ ಬೇಡ. ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ಒಂದು ಪ್ರಯೋಗದಲ್ಲಿ ವಾರಕ್ಕೆ ಮೂರು ಸಲ ಬರೆದವರಿಗಿಂತ ಒಂದು ಸಲ ಬರೆದವರಿಗೇ ಹೆಚ್ಚು ಪ್ರಯೋಜನವಾಗಿತ್ತು. ಪದೇಪದೇ ಬರೆದರೆ ಇದಕ್ಕೂ ಒಗ್ಗಿಹೋಗುತ್ತೇವೆ. ಮೊದಲ ವಾರ ದಿನಾ ಬರೆದು ಕೈ ಪಳಗಿಸಿಕೊಳ್ಳಿ, ಆಮೇಲೆ ಭಾನುವಾರ ಸಂಜೆ ಒಂದು ಸಲ ಸಾಕು ಎಂಬುದು ನನ್ನ ಸಲಹೆ. ಬೆಟ್ಟಹಲಸೂರು, ಚಿಕ್ಕಜಾಲದಿಂದ ಕಾಲೇಜಿಗೆ ಬರುವ ಮಕ್ಕಳು ಫೋನಿನಲ್ಲೇ ಬರೆದುಕೊಳ್ಳುತ್ತೇವೆ ಎನ್ನುತ್ತಾರೆ. ಅದೂ ಆಗಬಹುದು. ಆದರೆ ಯಾರಿಗೂ ತೋರಿಸಲು ಬರೆಯಬೇಡಿ, ಸ್ಟೇಟಸ್‌ಗೆ ಹಾಕಲು ಬರೆದದ್ದು ಬೇರೆಯದೇ ಆಗಿಬಿಡುತ್ತದೆ.

ಮಕ್ಕಳಿಗೆ ಕಲಿಸುವವರಿಗೆ ಒಂದು ಮಾತು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಊಟ ನಡೆದಿದೆ, 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ. ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳಿಸುತ್ತೇವೆ, ಅದು ಸರಿಯೇ. ಆದರೆ ಶಾಲೆಯಲ್ಲೇ ಅಡುಗೆ ಆಗುವ ಕಡೆ, ಅಡುಗೆ ಮಾಡಿದ ಅಕ್ಕನ ಹೆಸರು ಏನು ಎಂದು ಮಕ್ಕಳನ್ನು ಕೇಳಿ ನೋಡಿ. "ಅಡುಗೆ ಆಂಟಿ" ಎನ್ನುತ್ತಾರೆ. ಹೆಸರು ತಿಳಿದುಕೊಂಡು ಬನ್ನಿ, ಅವರು ಎಷ್ಟು ಗಂಟೆಗೆ ಬರುತ್ತಾರೆ, ಇವತ್ತು ಎಷ್ಟು ಜನಕ್ಕೆ ಬೇಯಿಸಿದರು ಎಂದು ಕೇಳಿಕೊಂಡು ಬನ್ನಿ ಎಂದು ಕಳಿಸಿ. ಐದನೇ ತರಗತಿಯ ಮಗು ಆ ಪ್ರಶ್ನೆ ಕೇಳಿದಾಗ ಆಕೆ ಸೌಟು ಕೆಳಗಿಟ್ಟು ಉತ್ತರ ಹೇಳುವುದನ್ನು ನೋಡಬೇಕು. ಆಮೇಲೆ ಆ ಮಗು ತಟ್ಟೆಯಲ್ಲಿ ಅನ್ನ ಬಿಡುವುದು ಕಡಿಮೆಯಾಗುತ್ತದೆ. ಬೈದು ಹೇಳಿದ್ದಕ್ಕಿಂತ ಇದು ಬೇಗ ಫಲ ಕೊಡುತ್ತದೆ ಎಂಬುದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಕೊನೆಯ ಪಾಠ ಕಷ್ಟದ್ದು, ಹೇಳುವುದು. ಪುಸ್ತಕದಲ್ಲಿ ಬರೆದದ್ದು ಆ ಮನುಷ್ಯನಿಗೆ ತಲುಪಿರುವುದಿಲ್ಲ. ಸೆಲಿಗ್ಮನ್ ಅವರ ಅದೇ ಪ್ರಯೋಗದಲ್ಲಿ ಒಂದು ಗುಂಪಿನವರು, ತಾವು ಸರಿಯಾಗಿ ಧನ್ಯವಾದ ಹೇಳದೇ ಉಳಿದುಹೋದ ಒಬ್ಬರಿಗೆ ಪತ್ರ ಬರೆದು, ಸ್ವತಃ ಹೋಗಿ ಕೊಟ್ಟರು. ಎಲ್ಲ ಅಭ್ಯಾಸಗಳಿಗಿಂತ ಹೆಚ್ಚು ಸಂತೋಷ ಕೊಟ್ಟದ್ದು ಇದು, ಕೆಲವು ತಿಂಗಳಲ್ಲಿ ಅದು ಇಳಿದದ್ದೂ ನಿಜ. ನಮ್ಮ ಮನೆಗಳಲ್ಲಿ ಅಮ್ಮನಿಗೆ, ಅಣ್ಣನಿಗೆ "ಥ್ಯಾಂಕ್ಸ್" ಎಂದರೆ ಅವರಿಗೇ ಮುಜುಗರ, "ಇದೇನ್ ಹೊಸದಾಗಿ" ಎನ್ನುತ್ತಾರೆ. ಹಾಗಾದರೆ ಆ ಮಾತನ್ನು ಬಿಡಿ, ಸಂಗತಿಯನ್ನು ಹೇಳಿ. "ಅಣ್ಣ, ಪಿಯುಸಿಲಿ ನಾನು ಫೇಲಾದಾಗ ಮನೇಲಿ ಯಾರ್ಗೂ ಹೇಳ್ದೆ ನೀನು ಮತ್ತೆ ಫೀಸ್ ಕಟ್ಟಿದ್ಯಲ್ಲ, ಅದು ಇವತ್ತು ನೆನಪಾಯ್ತು" ಎಂದರೆ ಮುಗಿಯಿತು. ಹೊರಗಿನವರಾದರೆ ಅವರ ಹೆಸರು ಕೇಳಿಕೊಳ್ಳಿ. "ನೆನ್ನೆ ರಾತ್ರಿ ಪೈಪ್ ಸರಿಮಾಡಿದ್ದು ನೀವೇ ಅಂತೆ, ಬಹಳ ಉಪಕಾರ ಆಯ್ತು" ಎಂದು ನೀರುಗಂಟಿಯ ಎದುರು ನಿಂತು ಹೇಳಿ.

ಹೇಳಬೇಕಾದವರು ತೀರಿಕೊಂಡಿದ್ದರೆ ಏನು ಮಾಡುವುದು ಎಂದು ವಯಸ್ಸಾದವರು ಕೇಳುತ್ತಾರೆ. ಅವರ ಮಕ್ಕಳಿಗೆ ಹೇಳಿ, ಮೊಮ್ಮಕ್ಕಳಿಗೆ ಹೇಳಿ. ಹೈಸ್ಕೂಲಿನಲ್ಲಿ ನಿಮ್ಮ ಫೀಸು ಕಟ್ಟಿದ ಮೇಷ್ಟ್ರು, ಬರಗಾಲದಲ್ಲಿ ಎರಡು ಸೇರು ರಾಗಿ ಮರಳಿ ಕೇಳದೆ ಕೊಟ್ಟ ಪಕ್ಕದ ಮನೆಯ ಅಜ್ಜಿ, ಇಂಥವರು ತಾವು ಮಾಡಿದ್ದನ್ನು ತಮ್ಮ ಮನೆಯಲ್ಲಿ ಹೇಳಿಕೊಂಡಿರುವುದಿಲ್ಲ. ಅವರ ಮಗಳಿಗೆ ಅದು ಮೊದಲ ಸಲ ತಿಳಿಯುವುದು ನಿಮ್ಮ ಬಾಯಿಂದಲೇ ಇರಬಹುದು. ಫೋನ್ ನಂಬರು ಸಿಗದಿದ್ದರೆ ಊರಿನವರನ್ನು ವಿಚಾರಿಸಿ, ಯಾರಾದರೂ ಒಬ್ಬರ ಹತ್ತಿರ ಇದ್ದೇ ಇರುತ್ತದೆ.